ಕಾಗದ ಮಡಿಸಿದರೆ ಮಾತ್ರ ಸಮಮಿತಿಯೇ? ಕೈಕೆಲಸದ ಮೂಲಕ ಕಲಿಸುವ ಬಗ್ಗೆ ಸಲಹೆ ಬೇಕು

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6 ಮತ್ತು 7ನೇ ತರಗತಿಯ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಸಮಮಿತಿಯ ಪಾಠವನ್ನು ಕಪ್ಪುಹಲಗೆಯ ಮೇಲೆ ಮುಗಿಸಿಬಿಡುವ ಬದಲು ಈ ಬಾರಿ ಕೈಕೆಲಸದಿಂದಲೇ ಆರಂಭಿಸಿದೆ. ಹಳೆಯ ಪತ್ರಿಕೆಗಳನ್ನು ದುಂಡಗೆ ಕತ್ತರಿಸಿ, ಮಡಿಸಿ, ಅಂಚಿನಲ್ಲಿ ಕಚ್ಚು ಹಾಕಿ, ಬಿಡಿಸಿ ನೋಡುವ ಕೆಲಸವನ್ನು ಮಕ್ಕಳು ಬಹಳ ಇಷ್ಟಪಟ್ಟರು. ಮೂರು ವಾರಗಳಲ್ಲಿ ತರಗತಿಯ ಗೋಡೆಯ ಮೇಲೆ ಜಾಗವೇ ಉಳಿಯಲಿಲ್ಲ.

ತೊಡಕು ಆಮೇಲೆ ಬಂತು. ಒಬ್ಬ ಹುಡುಗಿ ಮನೆಯಿಂದ ಕೆಂಪು ದಾಸವಾಳ ತಂದು, ಇದರಲ್ಲಿ ಎಷ್ಟು ಸಮಮಿತಿ ರೇಖೆಗಳಿವೆ ಎಂದು ಕೇಳಿದಳು. ಐದು ಎಸಳಿದೆ, ಆದ್ದರಿಂದ ಐದು ರೇಖೆ ಎಂದು ನಾನು ಯೋಚಿಸದೆ ಹೇಳಿದೆ. ಅವಳು ಕೈಗನ್ನಡಿಯನ್ನು ಹೂವಿನ ಮೇಲೆ ನಿಲ್ಲಿಸಿ, ಎಲ್ಲಿ ಇಟ್ಟರೂ ಪ್ರತಿಬಿಂಬ ಹೂವಿನ ಉಳಿದರ್ಧಕ್ಕೆ ಹೊಂದುವುದಿಲ್ಲವೆಂದು ತೋರಿಸಿದಳು. ಪ್ರತಿಯೊಂದು ಎಸಳೂ ಪಕ್ಕದ ಎಸಳನ್ನು ಒಂದೇ ದಿಕ್ಕಿನಲ್ಲಿ ಹೊದ್ದುಕೊಂಡಿರುವುದನ್ನು ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಇಡೀ ತರಗತಿ ಒಕ್ಕೊರಲಿನಿಂದ, ದಾಸವಾಳಕ್ಕೆ ಸಮಮಿತಿ ಇಲ್ಲ ಎಂದು ತೀರ್ಮಾನಿಸಿಬಿಟ್ಟಿತು. ತಿರುಗಿಸಿದಾಗ ಉಳಿಯುವ ಪರಿಭ್ರಮಣ ಸಮಮಿತಿಯ ಬಗ್ಗೆ ನಾನು ವಿವರಿಸಿದೆ, ಆದರೆ ಅದು ಅವರಿಗೆ ಸೋತ ಮೇಷ್ಟರು ಹುಡುಕಿಕೊಂಡ ನೆಪದಂತೆ ಕೇಳಿಸಿತೋ ಏನೋ. ಸಮಮಿತಿ ಎಂದರೆ ಮಡಿಸಿದಾಗ ಒಂದರ ಮೇಲೊಂದು ಕೂರುವುದು ಎಂಬುದು ಅವರ ಕೈಗೆ ಅಂಟಿಕೊಂಡುಬಿಟ್ಟಿದೆ.

ತಿರುವು ಇದ್ದು ಕನ್ನಡಿಯ ಬಿಂಬವಿಲ್ಲದ ವಿನ್ಯಾಸ ಮಕ್ಕಳ ಕೈಯಿಂದಲೇ ಹೊರಬರುವಂತಹ ಕೆಲಸ ಯಾವುದಿದೆ? ತರಗತಿಯಲ್ಲಿ 34 ಮಕ್ಕಳಿದ್ದಾರೆ, ಪ್ರೊಜೆಕ್ಟರ್ ಇಲ್ಲ, ಖರ್ಚು ಹೆಚ್ಚು ಮಾಡುವಂತಿಲ್ಲ.

ಲೆಕ್ಕಾಚಾರ

ತುಂಗಾತೀರ ಅವರೇ, ತಪ್ಪು ತಮ್ಮದೂ ಅಲ್ಲ, ಮಕ್ಕಳದೂ ಅಲ್ಲ, ಕಾಗದದ್ದು. ದುಂಡು ಕಾಗದವನ್ನು ಮೂರು ಸಲ ಅರ್ಧಕ್ಕೆ ಮಡಿಸಿದರೆ 8 ಪದರವಾಗುತ್ತದೆ, ಬಿಡಿಸಿದಾಗ ನಡುವಿನ ಮೂಲಕ ಹಾದುಹೋಗುವ 4 ಮಡಿಕೆ ಗೆರೆಗಳು ಕಾಣುತ್ತವೆ, ಮತ್ತು ಆ ನಾಲ್ಕೂ ಕಡ್ಡಾಯವಾಗಿ ಸಮಮಿತಿ ರೇಖೆಗಳಾಗಿರುತ್ತವೆ. ಕತ್ತರಿಯನ್ನು ಎಷ್ಟೇ ವಕ್ರವಾಗಿ ಆಡಿಸಿದರೂ ಮಡಿಕೆಯ ಒಂದು ಬದಿಯ ಕಚ್ಚು ಇನ್ನೊಂದು ಬದಿಯಲ್ಲಿ ತಿರುವುಮುರುವಾಗಿ ಬರಲೇಬೇಕು. ಅರ್ಧಕ್ಕೆ ಮಡಿಸಿ, ಆಮೇಲೆ ಮೂರು ಪಾಲು ಮಾಡಿ, ಮತ್ತೊಮ್ಮೆ ಅರ್ಧ ಮಾಡಿದರೆ 12 ಪದರ, 6 ರೇಖೆ. ಅಲ್ಲಿಯೂ ಇದೇ ಕಥೆ. ಹೀಗೆ ಮಡಿಸಿ ಕತ್ತರಿಸಿದ ಕಾಗದದಿಂದ ಗಿರಗಿಟ್ಲೆಯ ಆಕಾರವನ್ನು ಪಡೆಯಲು ಸಾಧ್ಯವೇ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಮಕ್ಕಳಿಗೆ ಮೊದಲು ತಲುಪಬೇಕಾದ ವಿಷಯ ಇದು: ಪ್ರತಿಯೊಂದು ಸಾಧನಕ್ಕೂ ತನ್ನದೇ ಆದ ಸಮಮಿತಿ ಇರುತ್ತದೆ, ಅದಕ್ಕೆ ಬಾರದ ಸಮಮಿತಿಯೂ ಇರುತ್ತದೆ. ಕಾಗದಕ್ಕೆ ಮಡಿಸುವುದು ಬರುತ್ತದೆ. ಆಲೂಗಡ್ಡೆಯ ಅಚ್ಚಿಗೆ ಸರಿಯುವುದು ಮತ್ತು ತಿರುಗುವುದು ಬರುತ್ತದೆ, ಮಗುಚುವುದು ಬರುವುದಿಲ್ಲ, ಏಕೆಂದರೆ ಮಗುಚಿದರೆ ಕೆತ್ತನೆ ಮೇಲಾಗಿ ಬಣ್ಣವೇ ತಾಗುವುದಿಲ್ಲ.

ಒಂದು ಆಲೂಗಡ್ಡೆಯನ್ನು ಎರಡು ಹೋಳು ಮಾಡಿ, ಒಂದು ಹೋಳಿನ ಮೇಲೆ ಎಡಬಲ ಒಂದೇ ಆಗಿರದ ಆಕಾರವನ್ನು ಕೆತ್ತಿಸಿ. ಸೀರೆಯ ಅಂಚಿನ ಮಾವಿನಕಾಯಿಯೇ ಸಾಕು, ಅದರ ತುದಿ ಒಂದು ಕಡೆಗೆ ಬಾಗಿರುತ್ತದೆ. ಕಾಗದದ ನಡುವೆ ಚುಕ್ಕಿಯಿಟ್ಟು, ಮಾವಿನಕಾಯಿಯ ಬುಡ ಚುಕ್ಕಿಯ ಕಡೆಗಿರುವಂತೆ ಒತ್ತಿ, ಕಾಗದವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಒತ್ತಿಸಿ. ನಾಲ್ಕು ಒತ್ತಿಗೆ ಗಿರಗಿಟ್ಲೆ ಸಿದ್ಧ. ಆಮೇಲೆ, ಇದೇ ಅಚ್ಚಿನಿಂದ ಎದುರುಬದುರು ನೋಡುವ ಎರಡು ಮಾವಿನಕಾಯಿ ಒತ್ತಿ ತೋರಿಸಿ ಎಂದು ಸವಾಲು ಹಾಕಿ. ಅರ್ಧ ಗಂಟೆ ಒದ್ದಾಡಿದ ಮೇಲೆ ಯಾರಾದರೊಬ್ಬರು, ಇನ್ನೊಂದು ಅಚ್ಚು ಬೇಕು, ಅದು ಉಲ್ಟಾ ಇರಬೇಕು ಎನ್ನುತ್ತಾರೆ. ಆ ಮಾತು ಬರುವ ತನಕ ದಯವಿಟ್ಟು ಬಾಯಿ ಬಿಡಬೇಡಿ. ಉಲ್ಟಾ ಅಚ್ಚನ್ನು ಕೆತ್ತುವ ಸುಲಭೋಪಾಯವೂ ಆ ಆಲೂಗಡ್ಡೆಯಲ್ಲೇ ಇದೆ: ಮೊದಲ ಅಚ್ಚಿಗೆ ಬಣ್ಣ ಬಳಿದು ಉಳಿದ ಹೋಳಿನ ಮುಖಕ್ಕೆ ಒತ್ತಿ, ಬಿದ್ದ ಗುರುತಿನಂತೆಯೇ ಕೆತ್ತಿದರಾಯಿತು.

ಗಣಿತದಲ್ಲಿ ಇದರ ಲೆಕ್ಕ ಸ್ಪಷ್ಟವಾಗಿದೆ. ಅಂಚಿನಂತೆ ಒಂದೇ ದಿಕ್ಕಿನಲ್ಲಿ ಸಾಗುವ ಪಟ್ಟಿ ವಿನ್ಯಾಸಗಳಲ್ಲಿ ಸಮಮಿತಿಯ ದೃಷ್ಟಿಯಿಂದ 7 ಬಗೆಗಳು ಮಾತ್ರ ಇವೆ, ನೆಲವನ್ನೆಲ್ಲ ತುಂಬುವ ವಿನ್ಯಾಸಗಳಲ್ಲಿ 17. ಈ 17ರ ಪಟ್ಟಿ ಪೂರ್ಣವೆಂದು ರಷ್ಯಾದ ಸ್ಫಟಿಕ ವಿಜ್ಞಾನಿ ಫೆದೊರೊವ್ 1891ರಲ್ಲಿ ತೋರಿಸಿದರು, 1924ರಲ್ಲಿ ಗಣಿತಜ್ಞ ಪೋಲ್ಯಾ ಸ್ವತಂತ್ರವಾಗಿ ಅದೇ ತೀರ್ಮಾನಕ್ಕೆ ಬಂದರು. ಮಗುಚಲಾಗದ ಒಂದೇ ಒಂದು ಅಚ್ಚಿನಿಂದ, ಅಚ್ಚಿನ ಆಕಾರದಲ್ಲೇ ಬಿಂಬ ಅಡಗಿರದಿದ್ದರೆ, ಆ 7ರಲ್ಲಿ 2 ಮತ್ತು 17ರಲ್ಲಿ 5 ಮಾತ್ರ ಸಿಗುತ್ತವೆ. ಉಳಿದವುಗಳಿಗೆಲ್ಲ ಎರಡನೆಯ ಅಚ್ಚು ಬೇಕು. ಇದನ್ನು 6ನೇ ತರಗತಿಗೆ ಹೇಳಬೇಕಾಗಿಲ್ಲ, ತಮಗೆ ಗೊತ್ತಿರಲಿ ಎಂದು ಬರೆದೆ.

ಚುಕ್ಕಿಸಾಲು

ನಾನು ಗಣಿತ ಓದಿದವಳಲ್ಲ. ಐವತ್ತು ವರ್ಷಗಳಿಂದ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದೇನೆ, ಅಷ್ಟೇ ಅರ್ಹತೆ. ಆದರೆ ರಂಗೋಲಿಯ ಹೆಸರೇ ಇನ್ನೂ ಯಾರೂ ಎತ್ತಲಿಲ್ಲವಲ್ಲ ಎಂದು ಆಶ್ಚರ್ಯವಾಗಿ ಬರೆಯುತ್ತಿದ್ದೇನೆ.

ನೇರ ಚುಕ್ಕಿ ಮತ್ತು ಸಂದು ಚುಕ್ಕಿ ಎಂಬ ಎರಡು ಕ್ರಮಗಳಿವೆ. 15ರಿಂದ 1ರವರೆಗೆ ನೇರ ಚುಕ್ಕಿ ಎಂದರೆ ನಡುಸಾಲಿನಲ್ಲಿ 15, ಅದರ ಮೇಲೆ ಕೆಳಗೆ 13, 11 ಹೀಗೆ ಎರಡೆರಡು ಕಡಿಮೆಯಾಗುತ್ತಾ ಕೊನೆಗೆ ಒಂದು. ಒಟ್ಟು 113 ಚುಕ್ಕಿ. ಇದು ಕಾಲು ಸುತ್ತಿಗೊಮ್ಮೆ ಹೊಂದುವ ವಿನ್ಯಾಸಗಳಿಗೆ. 7ರಿಂದ 4ರವರೆಗೆ ಸಂದು ಚುಕ್ಕಿ ಎಂದರೆ ಪ್ರತಿ ಸಾಲಿನ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬೀಳುತ್ತದೆ, ಸಾಲಿಗೆ ಒಂದೊಂದೇ ಕಡಿಮೆಯಾಗುತ್ತದೆ. ಒಟ್ಟು 37 ಚುಕ್ಕಿ, ಸುತ್ತ ಆರು ಮೂಲೆ. ಆರೆಸಳಿನ ಹೂವು, ಆರು ದೀಪ, ಆರು ನವಿಲು ಎಲ್ಲ ಇದರಲ್ಲೇ ಬರುತ್ತವೆ.

ಹೊಸದಾಗಿ ಕಲಿಯುವವರು ಇಲ್ಲೊಂದು ತಪ್ಪು ಮಾಡುತ್ತಾರೆ. ಸಂದು ಚುಕ್ಕಿಯಲ್ಲಿ ಚುಕ್ಕಿ ಚುಕ್ಕಿಯ ನಡುವೆ ಎಷ್ಟು ಅಂತರವೋ ಸಾಲು ಸಾಲಿನ ನಡುವೆಯೂ ಅಷ್ಟೇ ಇಟ್ಟರೆ ಹೂವು ಉದ್ದಕ್ಕೆ ಎಳೆದಂತೆ ಕಾಣುತ್ತದೆ, ಎಸಳುಗಳು ಒಂದೇ ಅಳತೆಗೆ ಬರುವುದಿಲ್ಲ. ನಮ್ಮತ್ತೆ ಕೈಯಳತೆಯಲ್ಲೇ ಸಾಲನ್ನು ಒಂದು ಚೂರು ಒತ್ತಾಗಿ ಇಡುತ್ತಿದ್ದರು. ಕಾರಣ ಕೇಳಿದರೆ, ಹಾಗೆ ಇಟ್ಟರೇ ಚೆಂದ ಎನ್ನುತ್ತಿದ್ದರು.

ಇನ್ನು ಎಳೆ ರಂಗೋಲಿ. ಚುಕ್ಕಿಗಳನ್ನು ಸೇರಿಸದೆ, ಅವುಗಳ ನಡುವಿನಿಂದ ಓರೆಯಾಗಿ ಎಳೆಯನ್ನು ಸಾಗಿಸಿ, ಅಂಚಿಗೆ ಬಂದಾಗ ಕೊನೆಯ ಚುಕ್ಕಿಯನ್ನು ಬಳಸಿ ಹಿಂದಿರುಗುವುದು. ಎಲ್ಲ ಚುಕ್ಕಿಗಳೂ ಒಳಗೆ ಸಿಕ್ಕಿಕೊಂಡು ಎಳೆ ಹೊರಟಲ್ಲಿಗೇ ಬಂದು ಸೇರಬೇಕು. 3 ಸಾಲು 4 ಚುಕ್ಕಿ ಇಟ್ಟರೆ ಒಂದೇ ಎಳೆಯಲ್ಲಿ ಮುಗಿಯುತ್ತದೆ, ಕೈ ಎತ್ತಬೇಕಾಗಿಲ್ಲ. 4ಕ್ಕೆ 4 ಇಟ್ಟರೆ ಮುಗಿಯುವುದಿಲ್ಲ, ನಾಲ್ಕು ಬೇರೆ ಬೇರೆ ಎಳೆ ಬೇಕಾಗುತ್ತದೆ. ಇದು ಏಕೆ ಹೀಗೆ ಎಂದು ನನಗೆ ಇಂದಿಗೂ ತಿಳಿಯದು.

ಲೆಕ್ಕಾಚಾರ

ಚುಕ್ಕಿಸಾಲು ಅಮ್ಮ, ತಮ್ಮ ಅತ್ತೆಯವರ ಕೈಯಳತೆ ಸರಿಯಾಗಿದೆ. ಆರೂ ಕಡೆ ಹೊಂದಬೇಕಾದರೆ ಸಾಲಿನ ಅಂತರ ಚುಕ್ಕಿಯ ಅಂತರದ 0.866ರಷ್ಟು ಇರಬೇಕು. ಚುಕ್ಕಿಗಳು 4 ಅಂಗುಲ ದೂರವಿದ್ದರೆ ಸಾಲುಗಳು ಹೆಚ್ಚುಕಡಿಮೆ ಮೂರೂವರೆ ಅಂಗುಲ. ಪಕ್ಕಪಕ್ಕದ ಮೂರು ಚುಕ್ಕಿಗಳು ಸಮಬಾಹು ತ್ರಿಭುಜವಾಗಬೇಕೆಂಬುದೇ ಇದರ ಗುಟ್ಟು.

ಎಳೆಗಳ ಸಂಖ್ಯೆಯ ಪ್ರಶ್ನೆಗೂ ಉತ್ತರವಿದೆ, ಮತ್ತು ಅದು 6ನೇ ತರಗತಿಯ ಪಾಠವೇ. ತಾವು ಹೇಳಿದ ಓರೆ ಹಾದಿಯ ರಂಗೋಲಿಯಲ್ಲಿ ಎಳೆಗಳ ಸಂಖ್ಯೆಯು ಸಾಲು ಮತ್ತು ಚುಕ್ಕಿಗಳ ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಮಸಾಅ. 3 ಮತ್ತು 4ರ ಮಸಾಅ 1, ಆದ್ದರಿಂದ ಒಂದೇ ಎಳೆ. 4 ಮತ್ತು 6ಕ್ಕೆ 2 ಎಳೆ, 4 ಮತ್ತು 4ಕ್ಕೆ 4 ಎಳೆ. ಆಫ್ರಿಕಾದ ಅಂಗೋಲಾದಲ್ಲಿ ಚೋಕ್ವೆ ಜನರು ಮರಳಿನ ಮೇಲೆ ಚುಕ್ಕಿಯಿಟ್ಟು ಇದೇ ಬಗೆಯ ಎಳೆಗಳನ್ನು ಬೆರಳಿನಿಂದ ಬಿಡಿಸುತ್ತಿದ್ದರು. ಮೊಜಾಂಬಿಕ್‌ನಲ್ಲಿ ಗಣಿತ ಕಲಿಸುತ್ತಿದ್ದ ಪೌಲುಸ್ ಗೆರ್ಡೆಸ್ ಅವುಗಳ ಗಣಿತವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ತುಂಗಾತೀರ ಅವರೇ, ತಮಗೆ ಬೇಕಾದ ತಿರುವು ಇಲ್ಲಿಯೂ ಸಿಗುತ್ತದೆ. ಪುಡಿಯಿಂದ ಎಳೆದ 4ಕ್ಕೆ 4ರ ರಂಗೋಲಿಗೆ ಕನ್ನಡಿ ಹಿಡಿದರೆ ಬಿಂಬ ಹೊಂದುತ್ತದೆ. ಅದೇ ರಂಗೋಲಿಯ ಮೇಲೆ ಉಣ್ಣೆಯ ದಾರವನ್ನಿಟ್ಟು, ದಾರ ದಾರವನ್ನು ದಾಟುವಲ್ಲೆಲ್ಲ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಎಂದು ಚಾಪೆಯಂತೆ ಹೆಣೆಯಲು ಹೇಳಿ. ಈಗ ಕನ್ನಡಿ ಹಿಡಿದರೆ ಮೇಲಿರಬೇಕಾದ ದಾರ ಬಿಂಬದಲ್ಲಿ ಕೆಳಗಿರುತ್ತದೆ, ಹೊಂದುವುದಿಲ್ಲ. ಆದರೆ ಕಾಲು ಸುತ್ತು ತಿರುಗಿಸಿದರೆ ಮೇಲಿನದು ಮೇಲೆಯೇ, ಕೆಳಗಿನದು ಕೆಳಗೆಯೇ ಬಂದು ಕೂರುತ್ತದೆ. ದಾಸವಾಳದ ಎಸಳುಗಳು ಒಂದನ್ನೊಂದು ಹೊದ್ದಿರುವುದೂ ಇದೇ ಮೇಲೆ ಕೆಳಗಿನ ಆಟ.

ಚುಕ್ಕಿಸಾಲು

ಮಸಾಅ ಎಂದಿರಲ್ಲ, ಮೊಮ್ಮಗನ ಪುಸ್ತಕದಲ್ಲಿ ನೋಡಿದೆ. ಇದು ಇಷ್ಟು ಸಣ್ಣ ವಿಷಯವೇ! 5 ಸಾಲು 7 ಚುಕ್ಕಿ ಇಟ್ಟು ಈಗಷ್ಟೇ ಪರೀಕ್ಷಿಸಿದೆ. ಒಂದೇ ಎಳೆ.

ಕಸೂತಿಮನೆ

ಧಾರವಾಡದಿಂದ ನಮಸ್ಕಾರ. ಸಾಧನಕ್ಕೆ ತಕ್ಕ ಸಮಮಿತಿ ಎಂಬ ಮಾತನ್ನು ಓದಿದಾಗ ನಮ್ಮ ಕಸೂತಿ ನೆನಪಾಯಿತು. ಇಲ್ಲಿಯವರೆಗೆ ಎಲ್ಲರೂ ಎಡಬಲ ಮತ್ತು ಸುತ್ತುಗಳ ಬಗ್ಗೆ ಬರೆದಿದ್ದೀರಿ, ಮುಂದು ಹಿಂದಿನ ಬಗ್ಗೆ ಯಾರೂ ಬರೆದಿಲ್ಲ.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳಿವೆ. ಗವಂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಎಂದು ಸೂಜಿ ಸಾಗುತ್ತದೆ, ಹಿಂದಿರುಗುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬಿಕೊಂಡು ಬರುತ್ತದೆ. ಗಂಟು ಹಾಕುವುದಿಲ್ಲ. ಮುಗಿದ ಮೇಲೆ ಯಾವುದು ಸರಿಮಗ್ಗುಲು, ಯಾವುದು ಹಿಮ್ಮಗ್ಗುಲು ಎಂದು ಹೇಳಲು ಆಗಬಾರದು. ಮೆಂತಿಯ ವಿಷಯ ಬೇರೆ, ಅದು ಮೆಂತ್ಯದ ಕಾಳು ಚೆಲ್ಲಿದಂತೆ ಕತ್ತರಿಯಾಕಾರದಲ್ಲಿ ಒಂದನ್ನೊಂದು ದಾಟುವ ಹೊಲಿಗೆ, ಅದಕ್ಕೆ ಹಿಂದು ಮುಂದು ಇದೆ.

ಇಲ್ಲೊಂದು ಸ್ವಾರಸ್ಯವನ್ನು ಮಕ್ಕಳಿಂದಲೇ ಹೇಳಿಸಬಹುದು. ಗವಂತಿಯಲ್ಲಿ ಗೋಪುರವನ್ನೋ ತುಳಸಿಕಟ್ಟೆಯನ್ನೋ ತೆಗೆದರೆ ಹಿಂದಿನಿಂದ ನೋಡಿದಾಗಲೂ ಅದೇ ಗೋಪುರ, ಅದೇ ತುಳಸಿಕಟ್ಟೆ. ಆದರೆ ಬಲಕ್ಕೆ ಮುಖ ಮಾಡಿದ ಆನೆಯನ್ನು ತೆಗೆದರೆ ಹಿಂದಿನಿಂದ ಅದು ಎಡಕ್ಕೆ ಹೊರಟಿರುತ್ತದೆ. ಹೊಲಿಗೆಯಲ್ಲಿ ತಪ್ಪೇನೂ ಆಗಿರುವುದಿಲ್ಲ, ಆನೆಯಲ್ಲಿ ಎಡಬಲದ ಹೊಂದಿಕೆ ಇಲ್ಲ ಎಂಬುದನ್ನು ಬಟ್ಟೆಯ ಹಿಮ್ಮಗ್ಗುಲು ತಾನಾಗಿಯೇ ತೋರಿಸಿಕೊಡುತ್ತದೆ. ಅಂದರೆ ಕಸೂತಿಯ ಬಟ್ಟೆಯೇ ಒಂದು ಕನ್ನಡಿ. ಇನ್ನು ಗಿರಗಿಟ್ಲೆಯ ಆಕಾರವನ್ನು ಗವಂತಿಯಲ್ಲಿ ತೆಗೆದರೆ ಹಿಂದೆ ಅದು ವಿರುದ್ಧ ದಿಕ್ಕಿಗೆ ತಿರುಗುತ್ತಿರುತ್ತದೆ.

ಶಾಲೆಯಲ್ಲಿ ಇಳಕಲ್ ಸೀರೆ ಬೇಕಾಗಿಲ್ಲ. ಎಳೆಗಳು ಕಣ್ಣಿಗೆ ಕಾಣುವಂತಹ ಮ್ಯಾಟಿ ಬಟ್ಟೆ, ಅದೂ ಸಿಗದಿದ್ದರೆ ತೊಳೆದ ಗೋಣಿಚೀಲ, ದಬ್ಬಳ ಮತ್ತು ಉಣ್ಣೆಯ ದಾರ ಸಾಕು. ಚೌಕಳಿ ಹಾಳೆಯ ಮೇಲೆ ಮೊದಲು ಬರೆದುಕೊಳ್ಳಲಿ. ಒಂದು ಎಳೆ ತಪ್ಪಿ ಎಣಿಸಿದರೂ ಹತ್ತು ಹೊಲಿಗೆ ಆದ ಮೇಲೆ ಗೊತ್ತಾಗುತ್ತದೆ, ಬಿಚ್ಚಬೇಕಾಗುತ್ತದೆ. ನಾನು ಕಲಿಯುವಾಗ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಬೆಣ್ಣೆದೋಸೆ

ಪ್ರಶ್ನೆಪತ್ರಿಕೆಗಳಲ್ಲಿ ಯಾವಾಗಲೂ ಇಂಗ್ಲಿಷ್ ಅಕ್ಷರಗಳ ಸಮಮಿತಿ ರೇಖೆಯನ್ನೇ ಕೇಳುತ್ತಾರೆ. ಕನ್ನಡದಲ್ಲಿ ಹುಡುಕಲು ಹೊರಟೆ. ನಮ್ಮ ಅಕ್ಷರಗಳೆಲ್ಲ ಬಳ್ಳಿಯಂತೆ ಒಂದು ಕಡೆಗೆ ಬಾಗಿದವು, ಹೆಚ್ಚುಕಡಿಮೆ ಹೊಂದುವುದು ಠ ಒಂದೇ. ಅದನ್ನೂ ಜಗತ್ತಿನ ಜನ ಇಂಟರ್ನೆಟ್ಟಿನಲ್ಲಿ ಠ_ಠ ಎಂದು ಬರೆದು ಹುಬ್ಬು ಗಂಟಿಕ್ಕಿದ ಕಣ್ಣು ಮಾಡಿಕೊಂಡಿದ್ದಾರೆ.

ಕಡಲಾಚೆ

ನಾವು ಪರದೇಶದಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುತ್ತೇವೆ. ಅಲ್ಲಿ ಎರಡು ಕೆಲಸಗಳು ಚೆನ್ನಾಗಿ ನಡೆದಿವೆ.

ಮೊದಲನೆಯದು ಬೆಂಡೆಕಾಯಿ ಅಚ್ಚು. ಅಡ್ಡಲಾಗಿ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತಿದರೆ ಐದು ಮೂಲೆಯ ನಕ್ಷತ್ರ. ನೇರವಾಗಿ ಕತ್ತರಿಸುವ ಬದಲು ಓರೆಯಾಗಿ ಕತ್ತರಿಸಿದರೆ ನಕ್ಷತ್ರ ಒಂದು ಕಡೆಗೆ ಉದ್ದವಾಗಿ, ಐದು ಸಮಮಿತಿ ರೇಖೆಗಳಲ್ಲಿ ಹೆಚ್ಚೆಂದರೆ ಒಂದು ಉಳಿಯುತ್ತದೆ. ಸಮಮಿತಿ ಇರುವುದನ್ನು ತೋರಿಸುವುದಕ್ಕಿಂತ ಅದು ಕಳೆದುಹೋಗುವುದನ್ನು ತೋರಿಸುವುದು ಮಕ್ಕಳಿಗೆ ಹೆಚ್ಚು ನಾಟಿತು ಎಂಬುದು ನನ್ನ ಅನುಭವ.

ಎರಡನೆಯದು ಜೋಡಿ ಕನ್ನಡಿ. ಎರಡು ಸಣ್ಣ ಕನ್ನಡಿಗಳನ್ನು ಹಿಂದಿನಿಂದ ಟೇಪು ಹಾಕಿ ಪುಸ್ತಕದಂತೆ ತೆರೆಯುವ ಹಾಗೆ ಮಾಡಿ, ನಡುವೆ ಒಂದು ಗುಂಡಿ ಅಥವಾ ಮಣಿಯನ್ನಿಡುವುದು. 90 ಡಿಗ್ರಿಯಲ್ಲಿ ನಾಲ್ಕು, 72ರಲ್ಲಿ ಐದು, 60ರಲ್ಲಿ ಆರು, 45ರಲ್ಲಿ ಎಂಟು ಮಣಿಗಳು ಕಾಣುತ್ತವೆ. 360ನ್ನು ಕೋನದಿಂದ ಭಾಗಿಸಿದರೆ ಸಂಖ್ಯೆ ಸಿಗುತ್ತದೆ ಎಂದು ಮಕ್ಕಳೇ ಕಂಡುಕೊಂಡರು. ದಾಸವಾಳವನ್ನು 72 ಡಿಗ್ರಿಯಲ್ಲಿ ಮಾಡಿಸಬಹುದಲ್ಲ?

ಲೆಕ್ಕಾಚಾರ

ಬೆಂಡೆಕಾಯಿಯ ಓರೆ ಕತ್ತರಿಕೆ ಬಹಳ ಒಳ್ಳೆಯ ಉಪಾಯ. ಆದರೆ ಕನ್ನಡಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದಾಗಿ, ಕನ್ನಡಿಯಿಂದ ಹುಟ್ಟಿದ್ದರಲ್ಲಿ ಕನ್ನಡಿಯ ಸಮಮಿತಿ ಇದ್ದೇ ಇರುತ್ತದೆ, ಆದ್ದರಿಂದ ಅದರಲ್ಲಿ ದಾಸವಾಳ ಅರಳುವುದಿಲ್ಲ. 1816ರಲ್ಲಿ ಡೇವಿಡ್ ಬ್ರೂಸ್ಟರ್ ಕಂಡುಹಿಡಿದ ಕೆಲೈಡೋಸ್ಕೋಪಿನ ಮಿತಿಯೂ ಇದೇ.

ಎರಡನೆಯದಾಗಿ, ಜೋಡಿ ಕನ್ನಡಿಯಲ್ಲಿ ಒಂದು ಬಿಂಬ ನೇರವಾದರೆ ಅದರ ಪಕ್ಕದ್ದು ಉಲ್ಟಾ, ಮತ್ತೆ ಅದರ ಪಕ್ಕದ್ದು ನೇರ. 60 ಡಿಗ್ರಿಯಲ್ಲಿ ಆರು ಪಾಲುಗಳಿರುವುದರಿಂದ ನೇರ ಉಲ್ಟಾ ಎಂಬ ಸರದಿ ಸರಿಯಾಗಿ ಕೂಡುತ್ತದೆ. 72ರಲ್ಲಿ ಐದು ಪಾಲು, ಬೆಸ ಸಂಖ್ಯೆ. ಐವರನ್ನು ಒಬ್ಬ ಗಂಡು ಒಬ್ಬಳು ಹೆಣ್ಣು ಎಂಬಂತೆ ವೃತ್ತದಲ್ಲಿ ಕೂರಿಸಲು ಹೊರಟರೆ ಎಲ್ಲೋ ಒಂದು ಕಡೆ ಇಬ್ಬರು ಹುಡುಗರೋ ಇಬ್ಬರು ಹುಡುಗಿಯರೋ ಪಕ್ಕಪಕ್ಕ ಬರಲೇಬೇಕಲ್ಲ, ಹಾಗೆ. ಎರಡು ಕನ್ನಡಿಗಳ ಸರಿಯಾದ ನಡುವೆ ಮಣಿಯನ್ನಿಟ್ಟರೆ ಇದು ಕಾಣುವುದಿಲ್ಲ. ಮಣಿಯ ಬದಲು ಓರೆಯಾಗಿ ಬೆಂಕಿಕಡ್ಡಿಯನ್ನಿಟ್ಟು, ತಲೆಯನ್ನು ಎಡಕ್ಕೆ ಬಲಕ್ಕೆ ಸರಿಸುತ್ತಾ ಹಿಂದಿನ ಪಾಲನ್ನು ನೋಡಿ. ಬಿಂಬ ಬದಲಾಗುತ್ತದೆ.

ಕಡಲಾಚೆ

ಬೆಂಕಿಕಡ್ಡಿ ಇಟ್ಟು ನೋಡಿದೆ. ನಿಜ, ಹಿಂದಿನ ಪಾಲಿನಲ್ಲಿ ಕಡ್ಡಿ ಮುರಿದಂತೆ ಕಾಣುತ್ತದೆ. ಎರಡು ವರ್ಷಗಳಿಂದ ಇದನ್ನು ಮಕ್ಕಳಿಗೆ ಮಾಡಿಸುತ್ತಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಧನ್ಯವಾದ.

ನಕ್ಷೆಗಾರ

ನಾನು ವಿಜಯಪುರದವನು, ಕಟ್ಟಡಗಳ ನಕ್ಷೆ ಬರೆಯುವುದು ನನ್ನ ವೃತ್ತಿ. ದೊಡ್ಡ ಮಕ್ಕಳಿಗಾಗಿ ಒಂದು ಕೆಲಸ ಸೂಚಿಸುತ್ತೇನೆ. ಗಟ್ಟಿ ರಟ್ಟಿನಲ್ಲಿ ಒಂದು ಚೌಕವನ್ನು ಕತ್ತರಿಸಿ, ಕರ್ಣಗಳು ಸೇರುವ ನಡುಬಿಂದುವಿಗೆ ಗುಂಡುಸೂಜಿ ಚುಚ್ಚಿ, ಅಂಚಿನ ಸುತ್ತ ಪೆನ್ಸಿಲ್ ಎಳೆಯಬೇಕು. ಆಮೇಲೆ ಚೌಕವನ್ನು 45 ಡಿಗ್ರಿ ತಿರುಗಿಸಿ ಮತ್ತೆ ಎಳೆದರೆ ಎಂಟು ಮೂಲೆಯ ನಕ್ಷತ್ರ. 1656ರ ಗೋಳಗುಮ್ಮಟದ ಒಳಗೆ ನಿಂತು ತಲೆಯೆತ್ತಿದಾಗ ಕಾಣುವುದು ಇದೇ ಆಕೃತಿ: ಹೀಗೆ ಒಂದರ ಮೇಲೊಂದು ತಿರುಗಿಸಿದ ಎರಡು ಚೌಕಗಳ ಬಾಹುಗಳಂತೆ ಎಂಟು ಕಮಾನುಗಳು ಒಂದನ್ನೊಂದು ದಾಟಿ, ಚೌಕಾಕಾರದ ಕೋಣೆಯನ್ನು ದುಂಡಗೆ ಮಾಡಿ, ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟವನ್ನು ಹೊತ್ತಿವೆ. ನಡುವೆ ಒಂದು ಕಂಬವೂ ಇಲ್ಲ.

ಅದೇ ರಟ್ಟನ್ನು 45ರ ಬದಲು 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿದರೆ ಒಟ್ಟು ನಾಲ್ಕು ಚೌಕ, ಹದಿನಾರು ಮೂಲೆ. 13ನೇ ಶತಮಾನದ ಸೋಮನಾಥಪುರದ ಕೇಶವ ದೇವಾಲಯದ ವಿಮಾನಗಳ ತಳವಿನ್ಯಾಸ ಹದಿನಾರು ಮೂಲೆಯ ನಕ್ಷತ್ರವೇ. ಕೋನಮಾಪಕ ಇಲ್ಲವೆಂದು ಚಿಂತಿಸಬೇಕಾಗಿಲ್ಲ, ಕಾಗದದ ಮೂಲೆಯನ್ನು ಅರ್ಧಕ್ಕೆ ಮಡಿಸಿದರೆ 45, ಮತ್ತೊಮ್ಮೆ ಮಡಿಸಿದರೆ 22.5. ಒಂದು ಮಾತು ಮಾತ್ರ: ಚೌಕದಲ್ಲೇ ಬಿಂಬದ ಸಮಮಿತಿ ಇರುವುದರಿಂದ ಈ ನಕ್ಷತ್ರಗಳಲ್ಲೂ ಅದು ಉಳಿಯುತ್ತದೆ. ದಾಸವಾಳವೇ ಬೇಕೆಂದರೆ ಚೌಕಗಳ ಬದಿಗಳನ್ನು ಮೇಲೆ ಕೆಳಗೆ ಹೆಣೆದಂತೆ ಅಳಿಸಿ ತಿದ್ದಬೇಕು.

ಹಳೇಮೇಷ್ಟ್ರು

ಎಲ್ಲವನ್ನೂ ಓದಿದೆ, ಸಂತೋಷವಾಯಿತು, ಆದರೂ ಒಂದು ಆಕ್ಷೇಪವಿದೆ. ನಾನು ಮೂವತ್ತು ವರ್ಷ ಚಿತ್ರಕಲೆ ಕಲಿಸಿದವನು. ರಂಗೋಲಿ, ಕಸೂತಿ, ಗೋಳಗುಮ್ಮಟ ಎಲ್ಲವೂ ಇಲ್ಲಿ ಗಣಿತದ ಉದಾಹರಣೆಗಳಾಗಿ ಸಾಲುಗಟ್ಟಿ ನಿಂತಿವೆ. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಗೆರೆಗಳನ್ನೆಳೆದು ಹಸೆ ಚಿತ್ತಾರ ಬರೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಡ್ಡ, ಉದ್ದ, ಓರೆ ಗೆರೆಗಳ ಲೆಕ್ಕ ಅವರಿಗೆ ಬಾಯಿಪಾಠ. ಆದರೆ ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ, ಗೋಡೆಗೆ ಜೀವ ಬರುವುದು ಅದರಿಂದ. ಕನ್ನಡಿ ಹಿಡಿದು ಹೊಂದಿತೇ ಇಲ್ಲವೇ ಎಂದು ಅಳೆಯಲು ಕಲಿತ ಮಗು ತನ್ನ ಕೈಯ ಗೆರೆಯನ್ನು ತಪ್ಪೆಂದು ಅಳಿಸಲು ಆರಂಭಿಸಿದರೆ ನನಗೆ ನೋವಾಗುತ್ತದೆ.

ತುಂಗಾತೀರ

ಮೇಷ್ಟ್ರೇ, ತಮ್ಮ ಮಾತು ಮನಸ್ಸಿಗೆ ತಟ್ಟಿತು, ಏಕೆಂದರೆ ಅದು ನಮ್ಮ ತರಗತಿಯಲ್ಲಿ ಆಗಲೇ ಆರಂಭವಾಗಿತ್ತು. ಒಬ್ಬ ಹುಡುಗ ಸರಿಯಾಗಿ ಹೊಂದಲಿಲ್ಲವೆಂದು ತನ್ನ ಕಾಗದದ ಹೂವನ್ನು ಹರಿದುಹಾಕಿದ್ದ. ಇನ್ನು ಮುಂದೆ ಒಂದು ನಿಯಮ ಮಾಡುತ್ತೇನೆ: ಕನ್ನಡಿಯನ್ನು ಹೂವಿಗೆ, ಎಲೆಗೆ, ಅಚ್ಚಿಗೆ ಹಿಡಿಯಬಹುದು, ಗೆಳೆಯರ ಚಿತ್ರಕ್ಕೆ ಹಿಡಿಯುವಂತಿಲ್ಲ. ಅಚ್ಚು ಮತ್ತು ದಾರದ ಕೆಲಸಗಳನ್ನು ಮುಂದಿನ ವಾರ ಮಾಡಿಸಿ ತಿಳಿಸುತ್ತೇನೆ.

ಚುಕ್ಕಿಸಾಲು

ಆಲೂಗಡ್ಡೆಯನ್ನು ಹುಡುಕುವ ಮೊದಲು ಮಕ್ಕಳು ತಮ್ಮ ಕೈಗಳನ್ನೇ ನೋಡಿಕೊಳ್ಳಲಿ ಎಂದು ಹೇಳಬೇಕೆನಿಸಿತು. ಗೋಕುಲಾಷ್ಟಮಿಗೆ ಬಾಗಿಲಿನಿಂದ ದೇವರ ಮನೆಯವರೆಗೆ ಕೃಷ್ಣನ ಪುಟ್ಟ ಹೆಜ್ಜೆಗಳನ್ನು ಹಾಕುತ್ತೇವಲ್ಲ, ಅದಕ್ಕೆ ಅಚ್ಚು ಎಲ್ಲಿದೆ? ಮುಷ್ಟಿ ಬಿಗಿದು, ಕಿರುಬೆರಳಿನ ಕಡೆಯನ್ನು ಅಕ್ಕಿಹಿಟ್ಟಿನ ನೀರಿಗೆ ಅದ್ದಿ ನೆಲಕ್ಕೊತ್ತಿದರೆ ಪಾದ, ಮೇಲೆ ಬೆರಳ ತುದಿಯಿಂದ ಐದು ಚುಕ್ಕಿ ಇಟ್ಟರೆ ಬೆರಳುಗಳು. ಎಡಮುಷ್ಟಿಯಿಂದ ಒಂದು ಪಾದ, ಬಲಮುಷ್ಟಿಯಿಂದ ಇನ್ನೊಂದು. ಒಂದೇ ಕೈಯಿಂದ ಹಾಕಿದರೆ ಕೃಷ್ಣ ಕುಂಟುತ್ತಾ ಬಂದ ಹಾಗಿರುತ್ತದೆ ಎಂದು ನಮ್ಮ ಮನೆಯಲ್ಲಿ ನಗುತ್ತಿದ್ದರು.

ಲೆಕ್ಕಾಚಾರ

ಅಮ್ಮ, ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆದಿರಲಿಲ್ಲ. ನಾನು ಹೇಳಿದ ಉಲ್ಟಾ ಅಚ್ಚು ನಮ್ಮ ಇನ್ನೊಂದು ಕೈಯೇ. ಒಂದೇ ಮುಷ್ಟಿಯಿಂದ ಹಾಕಿದ ಹೆಜ್ಜೆಗಳಲ್ಲಿ ಸರಿಯುವುದು ಮಾತ್ರ ಇದೆ. ಎರಡು ಮುಷ್ಟಿಗಳಿಂದ ಸರದಿಯಂತೆ ಹಾಕಿದಾಗ, ಸರಿದು ಮಗುಚುವ ಜಾರು ಪ್ರತಿಫಲನ ಬರುತ್ತದೆ. ಅಲ್ಲಿ ಕನ್ನಡಿ ಮಾತ್ರ ಇಟ್ಟರೆ ಹೊಂದುವುದಿಲ್ಲ, ಒಂದು ಹೆಜ್ಜೆ ಸರಿಸಿದರೆ ಮಾತ್ರವೂ ಹೊಂದುವುದಿಲ್ಲ, ಎರಡೂ ಒಟ್ಟಿಗೆ ಆಗಬೇಕು. ಪಟ್ಟಿ ವಿನ್ಯಾಸಗಳ 7 ಬಗೆಗಳಿಗೂ ಜಾನ್ ಕಾನ್ವೇ ಎಂಬ ಗಣಿತಜ್ಞರು ಕುಂಟುವುದು, ಹೆಜ್ಜೆಯಿಡುವುದು ಎಂದು ಕಾಲ ನಡೆಯ ಹೆಸರುಗಳನ್ನೇ ಇಟ್ಟಿದ್ದರು. ತಮ್ಮ ಮನೆಯವರು ನಕ್ಕದ್ದು ಸರಿಯಾದ ಹೆಸರಿಗೇ.

ತುಂಗಾತೀರ

ಹತ್ತು ದಿನಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮೆಯಿರಲಿ.

ಹೆಜ್ಜೆಗಳಿಂದಲೇ ಆರಂಭಿಸಿದೆವು. ಜಗಲಿಯ ಉದ್ದಕ್ಕೂ ಎರಡು ಸಾಲು: ಒಂದು ಬಲಗೈಯದು ಮಾತ್ರ, ಇನ್ನೊಂದು ಎರಡೂ ಕೈಗಳದು. ಎರಡನೆಯ ಸಾಲಿಗೆ ಕನ್ನಡಿ ಹಿಡಿದು ಹೊಂದಲಿಲ್ಲವೆಂದಾಗ, ದಾಸವಾಳ ತಂದಿದ್ದ ಹುಡುಗಿಯೇ, ಕನ್ನಡಿಯನ್ನು ಇಟ್ಟು ಆಮೇಲೆ ಒಂದು ಹೆಜ್ಜೆ ಮುಂದಕ್ಕೆ ಹೋಗಬೇಕು ಎಂದಳು. ಜಾರು ಪ್ರತಿಫಲನ ಎಂಬ ಹೆಸರನ್ನು ಅವಳಿಗೆ ಆಮೇಲೆ ಹೇಳಿದೆ.

ಅಚ್ಚಿನ ದಿನ ಗೊಂದಲ ಹೆಚ್ಚಾಯಿತು. ಹಲವರು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕೆತ್ತಿಕೊಂಡು ಬಂದಿದ್ದರು, ಒತ್ತಿದಾಗ ಎಲ್ಲ ಅಕ್ಷರಗಳೂ ಹಿಂದುಮುಂದಾದವು. ನಾನು ಯೋಜಿಸಿರಲಿಲ್ಲ, ಆದರೆ ಉಲ್ಟಾ ಅಚ್ಚಿನ ಮಾತು ಅದರಿಂದಲೇ ಹುಟ್ಟಿತು. ಲೆಕ್ಕಾಚಾರ ಅವರು ಹೇಳಿದ ಅರ್ಧ ಗಂಟೆ ಬೇಕಾಗಲಿಲ್ಲ, ಹತ್ತು ನಿಮಿಷ ಸಾಕಾಯಿತು. ದಾರದ ಕೆಲಸ ಪೂರ್ತಿ ಕೈಗೂಡಲಿಲ್ಲ. 4ಕ್ಕೆ 4 ದೊಡ್ಡದಾಯಿತು, ದಾರ ಜಾರುತ್ತಿತ್ತು. 2ಕ್ಕೆ 2 ಚುಕ್ಕಿಯಿಟ್ಟು ಗೋಂದು ಹಚ್ಚಿದ ಮೇಲೆ ನಾಲ್ಕು ಗುಂಪುಗಳಷ್ಟೇ ಮುಗಿಸಿದವು. ಗೋಣಿಚೀಲದ ಕಸೂತಿಯನ್ನು ಇನ್ನೂ ಮುಟ್ಟಿಲ್ಲ, ದಬ್ಬಳಗಳು ಸಿಕ್ಕಿವೆ.

ಮುಖ್ಯವಾದ ವಿಷಯ ದಾಸವಾಳದ್ದು. ಗಿರಗಿಟ್ಲೆ ಅಚ್ಚು ಮಾಡಿದ ಮರುದಿನ ಏಳೆಂಟು ಮಕ್ಕಳು ಹೂ ಹಿಡಿದುಕೊಂಡು ಬಂದರು. ಈಗ ಯಾರೂ ಸಮಮಿತಿ ಇಲ್ಲ ಎನ್ನಲಿಲ್ಲ, ಐದನೆಯ ಒಂದು ಸುತ್ತಿಗೆ ಹೊಂದುತ್ತದೆ, 72 ಡಿಗ್ರಿ ಎಂದು ತಾವೇ ಲೆಕ್ಕ ಹಾಕಿದರು. ಆದರೆ ಇಬ್ಬರು ಜಗಳವಾಡುತ್ತಿದ್ದರು. ಒಬ್ಬನ ಹೂವಿನ ಎಸಳುಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ಹೊದ್ದಿದ್ದರೆ ಇನ್ನೊಬ್ಬನದು ವಿರುದ್ಧ ದಿಕ್ಕಿಗೆ. ಬೇರೆ ಜಾತಿ ಇರಬೇಕೆಂದುಕೊಂಡು ಶಾಲೆಯ ಹಿಂದಿನ ಒಂದೇ ಗಿಡದ ಹೂಗಳನ್ನು ನೋಡಿದೆವು. ಅರಳಿದ್ದ 11 ಹೂಗಳಲ್ಲಿ 6 ಒಂದು ಕಡೆಗೆ, 5 ಇನ್ನೊಂದು ಕಡೆಗೆ. ಒಂದು ಹೂವಿನೊಳಗೆ ಇಲ್ಲದ ಕನ್ನಡಿ ಎರಡು ಹೂಗಳ ನಡುವೆ ಇತ್ತು. ಎಲ್ಲ ಹೂಗಳೂ ಹೀಗೆಯೇ ಎಂದು ಮಕ್ಕಳು ಕೇಳುತ್ತಿದ್ದಾರೆ. ನಾಳೆ ನಂದಿಬಟ್ಟಲು ತರಲು ಹೇಳಿದ್ದೇನೆ.

ಚುಕ್ಕಿಸಾಲು

ಬೆಳಗ್ಗೆ ಪೂಜೆಗೆ ಕಿತ್ತ ನಂದಿಬಟ್ಟಲು ಬುಟ್ಟಿಯಲ್ಲೇ ಇತ್ತು, ಇದನ್ನು ಓದಿದ ಕೂಡಲೇ ಕನ್ನಡಕ ಹಾಕಿಕೊಂಡು ಎಣಿಸಿದೆ. 23 ಹೂಗಳು, ಎಲ್ಲವೂ ಒಂದೇ ಕಡೆಗೆ ತಿರುಗಿವೆ. ಯಾವ ಕಡೆಗೆ ಎಂದು ಹೇಳುವುದಿಲ್ಲ, ಮಕ್ಕಳೇ ನೋಡಲಿ.